ಎರ್ರಿಯಪ್ಪ ಕೂಡಿಸಿದ ಹನ್ನೊಂದು ಸಹಿ

ನೋಟಿಸನ್ನು ಎರ್ರಿಯಪ್ಪ ಮೂರು ಸಲ ಓದಿದ. ಅವನ ಫುಟ್‌ಬಾಲ್ ಸಂಘ ಜೀವಂತ ಇದೆಯೋ ಇಲ್ಲವೋ ಎಂದು ನಗರಸಭೆ ಕಚೇರಿ ಕೇಳಿತ್ತು. ಇವತ್ತು ಸಂಜೆ ಐದರೊಳಗೆ ಸಂಘದ ಇತಿಹಾಸ ಒಂದು ಪುಟ, ಹನ್ನೊಂದು ಸದಸ್ಯರ ಸಹಿ, ಎಲ್ಲರ ಖುದ್ದು ಹಾಜರಿ ಬೇಕು. ತಪ್ಪಿದಲ್ಲಿ ಮುಂದಿನ ಕ್ರಮ.

ಸಂಘದ ಮೈದಾನ ಕೈಬಿಟ್ಟು ಹೋಯಿತೆಂದೇ ಅವನು ತಿಳಿದ.

ಸಂಘದಲ್ಲಿ ಉಳಿದಿದ್ದವನು ಅವನೊಬ್ಬನೇ. ದಿನಾ ಸಂಜೆ ಹಂಪಿ ರಸ್ತೆಯ ಪಕ್ಕದ ಆ ಮೈದಾನಕ್ಕೆ ಹೋಗಿ ಚೆಂಡು ಒದೆಯುತ್ತಿದ್ದ, ತಾನೇ ಓಡಿ ತರುತ್ತಿದ್ದ. ಎದುರಾಳಿಯೂ ಅವನೇ ಆದ್ದರಿಂದ ಹದಿನೆಂಟು ವರ್ಷದಿಂದ ಸೋತೂ ಇರಲಿಲ್ಲ, ಗೆದ್ದೂ ಇರಲಿಲ್ಲ.

ಇತಿಹಾಸ ಬರೆಯಲು ಕುಳಿತ. ‘ಗಣಿ ಶುರುವಾದಾಗ ನಮ್ಮ ಹುಡುಗರು ಸಂಡೂರಿನ ಲಾರಿ ಹತ್ತಿದರು. ಉಕ್ಕಿನ ಕಾರ್ಖಾನೆ ಕರೆದಾಗ ಕುರೆಕುಪ್ಪಕ್ಕೆ ಹೋದರು. ಯಾರದೋ ಲಾಭಕ್ಕೆ ಊರೆಲ್ಲ ಓಡಿತು, ಚೆಂಡು ನಿಂತಿತು. ಗೆದ್ದದ್ದು ಒಂದೇ ಸಲ, ತೊಂಬತ್ತೊಂದರಲ್ಲಿ, ಕಂಪ್ಲಿಯವರ ಮೇಲೆ ಒಂದು–ಸೊನ್ನೆ.’

ಆ ಒಂದು ಗೋಲು ಹೊಡೆದವನು ಎರ್ರಿಯಪ್ಪ. ಬದುಕಿನಲ್ಲಿ ಹೇಳಿಕೊಳ್ಳಲು ಅವನಿಗಿದ್ದದ್ದು ಅದೊಂದೇ.

ಊರಲ್ಲಿದ್ದ ಹಳೆಯ ಆಟಗಾರರ ಸಹಿಗೆಂದು ಹಾಳೆ ಹಿಡಿದು ಮೊದಲು ಹೋದದ್ದು ಅಕ್ಕಿ ಮಿಲ್ಲಿನ ಕೊಟ್ರಬಸಪ್ಪನ ಹತ್ತಿರ. ಆಗ ತಂಡದ ಗೋಲ್‌ಕೀಪರ್ ಆಗಿದ್ದವನು, ಈಗ ಎರಡು ಕುರ್ಚಿ ತುಂಬುತ್ತಿದ್ದ.

“ಇದೇನ್ಲೇ ಎರ್ರಿ, ಇತಿಹಾಸನೋ ಧಿಕ್ಕಾರನೋ? ಮ್ಯಾಲಿಂದೆಲ್ಲಾ ಹೊಡದು ಹಾಕು. ಆ ಗೋಲು ನಾನು ಹೊಡದೆ ಅಂತ ಬರಿ, ಸಹಿ ಮಾಡ್ತೀನಿ.”

“ನೀನು ಗೋಲು ಕಾಯಾಂವ ಇದ್ದೆಲ್ಲೋ, ಮಾರಾಯ!”

“ಕಾದು ಕಾದು ಬ್ಯಾಸರಾಗಿ ಮುಂದ ಬಂದಿದ್ದೆ.”

ಎರ್ರಿಯಪ್ಪ ಬರೆದ. ಮುಂದೆ ಹೋಟೆಲಿನ ಹಾಲಸ್ವಾಮಿ ಮಿರ್ಚಿ ಕರಿಯುತ್ತಲೇ ಓದಿದ.

“ಕೊಟ್ರ್ಯಾ ಹೊಡದನಂತ? ಆ ಹೊತ್ತಿನ್ಯಾಗ ಅಂವ ಬಾಳೆಹಣ್ಣು ತಿನ್ನಾಕತ್ತಿದ್ದ! ಹೊಡದಾಂವ ನಾನು. ನನ್ನ ಮಮ್ಮಗಳಿಗೆ ದಿನಾ ಹೇಳ್ತೀನಿ, ಈಗ ಇಲ್ಲಂದ್ರ ನನ್ನ ಮುಖ ನೋಡ್ತಾಳೇನು?”

ಎರಡು–ಸೊನ್ನೆ.

ಸುದ್ದಿ ಹಬ್ಬಿತು. ಮುಂದಿನವರು ಬಾಗಿಲಲ್ಲೇ ಕಾದು ನಿಂತಿದ್ದರು. ಒಬ್ಬನಿಗೆ ತಲೆಯಿಂದ ಹೊಡೆದದ್ದು ಬೇಕು, ಇನ್ನೊಬ್ಬನಿಗೆ ಅರ್ಧ ಮೈದಾನದಿಂದ. ಆ ದಿನ ಮದುವೆಯಾಗುತ್ತಿದ್ದವನೊಬ್ಬ ತಾಳಿ ಕಟ್ಟಿ ಬಂದು ಹೊಡೆದೆ ಎಂದ. ನಾಲ್ಕೂವರೆಗೆ ಹತ್ತು ಸಹಿ, ಹತ್ತು ಗೋಲು. ಪಾಪ, ಕಂಪ್ಲಿಯವರು ಮೈದಾನಕ್ಕೆ ಏಕೆ ಬಂದಿದ್ದರೋ ತಿಳಿಯದಂತಾಯಿತು.

ಕೊನೆಯ ಸಾಲಿನಲ್ಲಿ ಎರ್ರಿಯಪ್ಪ ತನ್ನ ಸಹಿ ಹಾಕಿದ. ತನ್ನ ಗೋಲಿಗೆ ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ. ಹೋಗಲಿ, ಮೈದಾನ ಉಳಿದರೆ ಸಾಕೆಂದುಕೊಂಡ.

ಐದಕ್ಕೆ ಹತ್ತು ನಿಮಿಷವಿದ್ದಾಗ ಹನ್ನೊಂದು ಜನ ಏದುಸಿರು ಬಿಡುತ್ತ ಕಚೇರಿಯ ಮೆಟ್ಟಿಲು ಹತ್ತಿದರು. ಅಧಿಕಾರಿ ಶಿಲ್ಪಶ್ರೀ ತಲೆ ಎಣಿಸಿ ಮೊಹರು ಒತ್ತಿದಳು.

“ಸಂಘ ಜೀವಂತ ಐತ್ರಿ.”

ಎರ್ರಿಯಪ್ಪನ ಕಣ್ಣು ತುಂಬಿತು. ಇಷ್ಟು ಜನರ ನಡುವೆ ಅವನು ನಿಂತು ಎಷ್ಟು ವರ್ಷವಾಗಿತ್ತೋ!

ಶಿಲ್ಪಶ್ರೀ ಇನ್ನೊಂದು ಹಾಳೆ ತೆಗೆದಳು. “ಈಗ ಸಭಾ ಶುರು. ಮೈದಾನ ಹಂಪಿ ಬಸ್ಸುಗಳ ಪಾರ್ಕಿಂಗಿಗೆ ಬಿಟ್ಟು ಕೊಡಾಕ ಒಪ್ಪಿದೋರು ಕೈ ಎತ್ರಿ.”

ಹತ್ತು ಜನ ಕೈ ಎತ್ತಿದರು. ಹಾಲಸ್ವಾಮಿ ಎರಡನ್ನೂ ಎತ್ತಿದ್ದ. ಬಸ್ಸು ನಿಂತರೆ ಮಿರ್ಚಿಗೆ ಗಿರಾಕಿ.

“ಮೇಡಂ, ಸಹಿ ತಂದ್ರ ಮೈದಾನ ಉಳೀತೈತಿ ಅಂತ...” ಎಂದ ಎರ್ರಿಯಪ್ಪ.

“ಹಂಗಂತ ಯಾರು ಹೇಳಿದ್ರು? ಮೈದಾನ ಸಂಘದ ಹೆಸರಿನ್ಯಾಗ ಐತಿ. ಹನ್ನೊಂದು ಸದಸ್ಯರು ಕೂಡಿದ ಸಭಾದಾಗ ಹೆಚ್ಚಿನೋರು ಒಪ್ಪದ ಯಾರೂ ಮುಟ್ಟಂಗಿಲ್ಲ ಅಂತ ದಾನಪತ್ರದಾಗ ಬರದಾರ. ನೀವೊಬ್ರೇ ಇದ್ರಿ ನೋಡ್ರಿ, ಇಷ್ಟು ವರ್ಷ ನಮ್ಮ ಕೈ ಕಟ್ಟಿ ಹಾಕಿದಂಗ ಆಗಿತ್ತು.”

“ಮತ್ತ ಸಹಿ ತರದಿದ್ರ ಮುಂದಿನ ಕ್ರಮ ಏನಿತ್ರಿ?”

“ಏನೂ ಇಲ್ರಿ. ಅದು ಎಲ್ಲಾ ನೋಟಿಸಿಗೂ ಹಾಕೋ ಸಾಲು.”

ಹೊರಗೆ ಕೊಟ್ರಬಸಪ್ಪ ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದ. ಎಷ್ಟೋ ವರ್ಷದ ಮೇಲೆ ತಂಡ ಕೂಡಿದೆ, ಫೋಟೋ ಬೇಡವೇ? ಮೊಬೈಲನ್ನು ಎರ್ರಿಯಪ್ಪನ ಕೈಗೆ ತುರುಕಿದ.

“ಎಲ್ಲಾರೂ ಬರೋಹಂಗ ಹೊಡಿಲೇ ಎರ್ರಿ.”

ಎರ್ರಿಯಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. ಹತ್ತೂ ಜನ ನಗುತ್ತಿದ್ದರು.

“ಎಲ್ಲಾರೂ ಬಂದೀರಿ,” ಎಂದ.