ಬುಟ್ಟಿಯ ತಳದ ಮೀನು

ನಮ್ಮ ಸೋದರಮಾವನ ಜೊತೆ ಮೀನು ತರಲು ಹೋಗುವುದಕ್ಕಿಂತ ಮೀನು ತಿನ್ನುವುದನ್ನೇ ಬಿಟ್ಟುಬಿಡುವುದು ಸುಲಭ. ಇದು ನನ್ನ ಮಾತಲ್ಲ, ಅವರೊಟ್ಟಿಗೆ ಸಂಸಾರ ಮಾಡಿದ ಅತ್ತೆಯ ಮಾತು. ಹಾಗಿದ್ದ ಮೇಲೆ ಅವರ ಜೊತೆ ಕಾಲೇಜು ಹುಡುಕಲು ಹೋದವಳ ಪಾಡು ಏನಾಗಿರಬೇಡ? ಆ ಪಾಪದ ಪ್ರಾಣಿ ನಾನೇ.

ಮಾವ ಹೊನ್ನಾವರದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೀನಿಗೆಂದು ಹೊಳೆಯಾಚೆಯ ಕಾಸರಕೋಡಿಗೆ ಹೋದರೆ ಬುಟ್ಟಿಯ ಮೇಲಿರುವ ಮೀನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅಂಗಿ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಅಪ್ಪಚ್ಚಿಯಾಗಿ ಬಿದ್ದ ಬಂಗಡೆಯನ್ನು ಎತ್ತಿ, ತಾಜಾ ಮೀನಿನ ಹಾಗೆ ಕೆಂಪಿದೆಯೇ ಎಂದು ಕಿವಿರು ಬಿಡಿಸಿ ನೋಡುತ್ತಾರೆ. "ಮೇಲಿಟ್ಟದ್ದು ಎಲ್ಲರದ್ದೂ ಚೆಂದ ಇರ್ತದೆ. ಅಡಿಗೆ ಬಿದ್ದದ್ದು ಹೆಂಗಿದೆ ಹೇಳಿ ನೋಡ್ಬೇಕು" ಎನ್ನುವುದು ಅವರ ಸಿದ್ಧಾಂತ. ಈ ಪರೀಕ್ಷೆ ಮುಗಿಯುವಷ್ಟರಲ್ಲಿ ಮೇಲಿದ್ದ ಒಳ್ಳೆಯ ಮೀನೆಲ್ಲ ಬೇರೆಯವರ ಚೀಲ ಸೇರಿರುತ್ತದೆ. ಮಾವನ ಛತ್ರಿ ದೂರದಲ್ಲಿ ಕಂಡರೆ ಸಾಕು, ಮೀನಿನ ಹೆಂಗಸರು ಬುಟ್ಟಿ ಮುಚ್ಚಿಕೊಳ್ಳುತ್ತಾರೆ.

ಇಂಥವರ ಕೈಗೆ ನನ್ನ ಭವಿಷ್ಯ ಸಿಕ್ಕಿಬಿತ್ತು. ಪಿಯುಸಿಯಲ್ಲಿ ನಾನು ಅಕೌಂಟ್ಸ್‌ನಲ್ಲಿ ಡುಮ್ಕಿ ಹೊಡೆದು, ಮರುಪರೀಕ್ಷೆಯಲ್ಲಿ ಹೇಗೋ ದಡ ಸೇರಿದ್ದೆ. ಅಷ್ಟರಲ್ಲಿ ಗೆಳತಿಯರೆಲ್ಲ ಡಿಗ್ರಿಗೆ ಸೇರಿ, ಹೊಸ ಚೂಡಿದಾರಿನಲ್ಲಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕತೊಡಗಿದ್ದರು. ಅಪ್ಪ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ. "ಈ ಸಲ ಸೀಟು ಸಿಕ್ಕದೆ ಹೋದ್ರೆ ನಮ್ಮಲ್ಲೇ ಬೆಡ್‌ಶೀಟ್ ಮಡಚೂಕೆ ಜನ ಬೇಕಂತೆ. ಮಾತಾಡಿ ಇಟ್ಟಿದ್ದೆ" ಎಂದರು. ಸಿಟ್ಟು ಮಾಡಿ ಹೇಳಿದ್ದರೆ ಅತ್ತು ರಂಪ ಮಾಡಬಹುದಿತ್ತು. ಅವರು ಮೆತ್ತಗೆ ಹೇಳಿದರು. ನನಗೆ ಓದಬೇಕಿತ್ತು, ಆದರೆ ಓದಬೇಕು ಎಂದು ಹೇಳುವ ಮುಖ ನನಗಿರಲಿಲ್ಲ. ಅಮ್ಮ ಹೋಗಿ ಮಾವನಿಗೆ ಫೋನ್ ಮಾಡಿದಳು. ಅಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡೆ.

ಮೊದಲು ಭಟ್ಕಳ. ಕಾಲೇಜಿನ ಗೇಟಿನಲ್ಲೇ ರ್‍ಯಾಂಕ್ ಬಂದವರ ಫೋಟೋಗಳ ದೊಡ್ಡ ಫ್ಲೆಕ್ಸ್. ಮಾವ ಅದಕ್ಕೆ ಬೆನ್ನು ಹಾಕಿ ಸೀದಾ ಆಫೀಸಿಗೆ ನಡೆದರು. ಕೌಂಟರಿನಲ್ಲಿದ್ದವರು ಯಾವ ಕೋರ್ಸು ಎಂದು ಕೇಳಿದರು.

"ಕೋರ್ಸು ಆಮೇಲೆ. ನಿಮ್ಮಲ್ಲಿ ಫೇಲಾದವರು ಇದ್ರೆ ಒಬ್ಬರನ್ನ ಕರೀತ್ರಾ?"

"ಎಂತಕ್ಕೆ?"

"ಮಾತಾಡೂಕೆ."

"ರ್‍ಯಾಂಕ್ ಬಂದವರನ್ನ ಬೇಕಾದ್ರೆ ಕರೀತೆ."

"ಅವರು ಎಲ್ಲಿದ್ರೂ ಪಾಸಾಗ್ತಿದ್ರು. ಅದ್ರಲ್ಲಿ ನಿಮ್ಮದೆಂತ ಇದೆ?"

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ನಮ್ಮಲ್ಲಿ ಫೇಲಾಗುವವರೇ ಇಲ್ಲ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. "ಹಂಗಾದ್ರೆ ಅಡಿಗೆ ಬಿದ್ದದ್ದನ್ನ ಬಿಸಾಡ್ತ್ರಿ ಹೇಳಾತು" ಎಂದು ಮಾವ ಛತ್ರಿ ಎತ್ತಿಕೊಂಡರು. ಸಿಗಬಹುದಾಗಿದ್ದ ಒಂದು ಸೀಟು ಹಾಗೆ ಹೋಯಿತು.

ಹೊನ್ನಾವರದಲ್ಲಿ ಆಫೀಸಿನವರ ಹಂಗೇ ಬೇಡವೆಂದು, ಫೇಲಾದವನನ್ನು ತಾವೇ ಪತ್ತೆ ಮಾಡಲು ಹೊರಟರು. ಕಟ್ಟೆಯ ಮೇಲೆ ಮುಖ ಸಣ್ಣ ಮಾಡಿ ಕೂತಿದ್ದ ಹುಡುಗನೊಬ್ಬ ಸಿಕ್ಕಿದ. ಮಾವ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ತಮಾ, ಊಟ ಆತಾ? ಮಾಸ್ತರು ಹೆಸರು ಹಿಡಿದು ಕರೀತ್ರಾ? ನಾಳಿಗೆ ಬರ್ತ್ಯಾ?" ಹುಡುಗ ಚೀಲ ಎತ್ತಿಕೊಂಡು ಓಡಿದ. ವಿಚಾರಿಸಿದರೆ ಅವನು ತರಗತಿಗೇ ಮೊದಲಿಗನಂತೆ, ಬಸ್ಸು ತಪ್ಪಿ ಕೂತಿದ್ದನಂತೆ!

"ಮುಖ ನೋಡಿದ್ರೆ ಫೇಲಾದವ ಹೇಳಿ ಹೆಂಗೆ ಗೊತ್ತಾಗ್ತದೆ ಮಾವ ನಿಮಗೆ?" ಎಂದು ರೇಗಿದೆ.

"ನಿನ್ನ ಮುಖ ನೋಡ್ತಾನೇ ಇದ್ನಲೆ ತಂಗಿ, ರಿಸಲ್ಟು ಬಂದಾಗಿಂದ" ಎಂದರು.

ಬಸ್ಸು ಶರಾವತಿ ಸೇತುವೆ ದಾಟುವಾಗ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಬೇಕೋ ಎಂಟು ಮಾಡಬೇಕೋ ಎಂದು ಯೋಚಿಸುತ್ತ ಕೂತೆ. ನಿಜವಾಗಿಯೂ ಅಷ್ಟು ಸೋತುಹೋಗಿದ್ದೆ.

ಕುಮಟೆಗೆ ಹೋದದ್ದು ಪ್ರವೇಶ ಮುಗಿಯುವ ದಿನ. ವರಾಂಡದಲ್ಲಿ ಎದುರಾದ ಮೇಡಂ ಒಬ್ಬರಿಗೆ ಮಾವ ಅದೇ ಬೇಡಿಕೆ ಇಟ್ಟರು. ನಾನು ಕಂಬದ ಹಿಂದೆ ಸರಿದೆ. ಮೇಡಂ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಲೈಬ್ರರಿಯತ್ತ ತಿರುಗಿ ಒಂದು ಹೆಸರು ಕೂಗಿದರು. ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಬಂದಳು. ಮಾವನ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತು. ಊಟ ಆಗಿದೆ. ಮೇಡಂ ಬೈಯುವಾಗಲೂ ಹೆಸರು ಹಿಡಿದೇ ಬೈಯುತ್ತಾರೆ. ನಾಳೆಯ ವಿಷಯಕ್ಕೆ, "ಬರದೆ ಎಂತ ಮಾಡೂದು? ಮೇಡಂ ಮನೆಗೇ ಫೋನ್ ಮಾಡ್ತ್ರು" ಎಂದಳು.

ಮಾವ ನನ್ನ ಕಿವಿಯಲ್ಲಿ, "ಕಿವಿರು ಕೆಂಪಿದೆ. ಸೇರು" ಎಂದರು.

ಸೇರಿದ ಮೇಲೆ ಕಾಟ ನಿಂತಿತು ಎಂದುಕೊಂಡಿರಾ? ತಂದ ಮೀನಿನ ತಲೆಯನ್ನೂ ಬಾಲವನ್ನೂ ಬಿಡದೆ ಸಾರು ಮಾಡಿಸುವ ಮನುಷ್ಯ ಅವರು. ದಿನಾ ಸಂಜೆ ಫೋನ್. ಲೈಬ್ರರಿಗೆ ಹೋದೆಯಾ? ಆಟದ ಸಾಮಾನು ಮುಟ್ಟಿದೆಯಾ? ಇವತ್ತು ಯಾವ ಮಾಸ್ತರಿಗೆ ಏನು ಪ್ರಶ್ನೆ ಕೇಳಿದೆ? ಅವರ ಕಾಟಕ್ಕೆ ಥ್ರೋಬಾಲ್ ಸೇರಿ ಮೂಗು ಊದಿಸಿಕೊಂಡೆ. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಮರೆತು ಎರಡನ್ನೂ ಮಾತಾಡಿ ಕೂತೆ. ಅದನ್ನು ಕೇಳಿ ಮಾವ, "ಎರಡೂ ಕಡೆ ಮಾತಾಡ್ದ್ಯಾ? ಬೇರೆಯವರು ಒಂದೇ ಕಡೆ ಮಾತಾಡಿದ್ದಲ!" ಎಂದು ಖುಷಿಪಟ್ಟರು.

ಇಷ್ಟೆಲ್ಲ ಆಗಿ ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು. ಅಕೌಂಟ್ಸ್‌ನಲ್ಲಿ ಮತ್ತೆ ಫೇಲು.

ಆ ರಾತ್ರಿ ಅಪ್ಪ ಊಟದ ತಟ್ಟೆ ತೊಳೆದಿಟ್ಟು ಮಲಗಿದರು. ನನ್ನ ತಲೆಗೆ ಇದು ಹತ್ತುವುದೇ ಇಲ್ಲ, ಹೋಟೆಲೇ ಗತಿ ಎಂದು ಆ ದಿನ ನಂಬಿದೆ. ಮರುದಿನ ಕಾಲೇಜಿಗೆ ಹೋದದ್ದು ಲೈಬ್ರರಿ ಪುಸ್ತಕ ವಾಪಸು ಕೊಟ್ಟು, ಇನ್ನು ಬರುವುದಿಲ್ಲ ಎಂದು ಮೇಡಂಗೆ ಹೇಳಿ ಬರಲು. ಬುತ್ತಿಯನ್ನೂ ಒಯ್ದಿರಲಿಲ್ಲ. ಮೇಡಂ ಸಿಗುವವರೆಗೆಂದು ತರಗತಿಯಲ್ಲಿ ಕೂತೆ.

ಮಧ್ಯಾಹ್ನ ಜವಾನ ಬಾಗಿಲಲ್ಲಿ ನಿಂತು, "ಆಫೀಸಿಗೆ ಯಾರೋ ಬಂದಿದ್ರು. ಫೇಲಾದವರನ್ನ ಒಬ್ಬರನ್ನ ನೋಡ್ಬೇಕಂತೆ" ಎಂದ. ತರಗತಿಯೆಲ್ಲ ನಕ್ಕಿತು. ನಾನು ಎದ್ದು ಹೋದೆ.

ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ನನ್ನ ಗುರುತೇ ಇಲ್ಲದವರ ಹಾಗೆ ಸರಿದು ಜಾಗ ಕೊಟ್ಟರು.

"ಊಟ ಆತಾ?"

"ಇಲ್ಲ."

"ಹೆಸರು ಹಿಡಿದು ಕರೀತ್ರಾ?"

"ಕರೀತ್ರು."

"ನಾಳಿಗೆ ಬರ್ತ್ಯಾ?"

ನಾನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದೆ. ಮಾವ ಒತ್ತಾಯಿಸಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದಿಟ್ಟರು. ಅನ್ನ, ಪಕ್ಕದಲ್ಲಿ ಹುರಿದ ಎರಡು ಬಂಗಡೆ.

"ತಿನ್ನು ಮೊದಲು. ಇವತ್ತು ಅಡಿ ನೋಡ್ಲಿಲ್ಲೆ. ಮೇಲಿದ್ದದ್ದನ್ನೇ ತಕಂಡೆ. ಬಸ್ಸು ತಪ್ತಿತ್ತು" ಎಂದರು.

ಮೀನು ತಾಜಾ ಇರಲಿಲ್ಲ. ಅಳುತ್ತಲೇ ಮುಳ್ಳು ಮಾತ್ರ ಬಿಟ್ಟು ಎರಡನ್ನೂ ತಿಂದೆ. ಕೈ ತೊಳೆದು ಬಂದು, "ಬರ್ತೆ ಮಾವ" ಎಂದೆ.