ಬೆಣ್ಣೆ ಚಹಾ ಕುಡಿದ ಅಳಿಯ

ಕೊಟ್ಟಿದ್ದನ್ನು ಒಂದು ಗುಟುಕೂ ಬಿಡದೆ ಕುಡಿಯುವುದೇ ಸಂಸ್ಕಾರವೆಂದು ಧಾರವಾಡದ ನಮ್ಮ ಮನೆಯಲ್ಲಿ ನನಗೆ ಬಡಿದು ಕಲಿಸಿದ್ದರು. ಕೊಟ್ಟವರ ಮನಸ್ಸು ನೋಯಬಾರದಂತೆ. ಕುಡಿದವನ ಹೊಟ್ಟೆಯ ಗತಿ ಏನೆಂದು ಯಾರೂ ಹೇಳಿರಲಿಲ್ಲ. ಹೀಗಾಗಿ ನೆಂಟರ ಮನೆಗಳಲ್ಲಿ ಹಾಗಲಕಾಯಿ ರಸ, ಕಷಾಯ, ಒಮ್ಮೆ ಯಾರೋ ಸಕ್ಕರೆಯೆಂದು ಸಣ್ಣ ರವೆ ಹಾಕಿದ ಚಹಾ, ಎಲ್ಲವನ್ನೂ ತಳ ಕಾಣಿಸಿ, "ಭಾಳ ಚಲೋ ಆಗೇದ್ರಿ" ಎಂದು ಹೇಳಿ ಬಂದವನು ನಾನು.

ಪುಣೆಯ ಕೊಂಢವಾದಲ್ಲಿ ನಾವಿದ್ದಾಗ, ಮೊಬೈಲು ಇನ್ನೂ ಶ್ರೀಮಂತರ ಕೈಯಲ್ಲಷ್ಟೇ ಇದ್ದ ಕಾಲದಲ್ಲಿ, ಮೇಲಿನ ಮನೆಗೆ ಲಡಾಖಿನ ನವಾಂಗ ಎಂಬ ಹುಡುಗ ಬಾಡಿಗೆಗೆ ಬಂದ. ಚಳಿಗಾಲ ಕಳೆಯಲು ಅವನ ಅಜ್ಜಿಯೂ ಬಂದರು. ಅವರೂರಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಇಡೀ ಮನೆ ಒಲೆಯ ಸುತ್ತ ಕೂತು ಉಪ್ಪು, ಬೆಣ್ಣೆ ಹಾಕಿದ ಚಹಾ ಕುಡಿಯುತ್ತಲೇ ಇರುತ್ತದಂತೆ. ಅಜ್ಜಿ ಉದ್ದನೆಯ ಕಟ್ಟಿಗೆಯ ಕೊಳವೆಯಲ್ಲಿ ಅದನ್ನು ಕಡೆಯುವ ಸದ್ದು ಕೇಳಿ ನನ್ನ ಹೆಂಡತಿ ಸುಶೀಲಾ, "ಮ್ಯಾಲಿನವ್ರು ಮಜ್ಜಗಿ ಕಡೀಲಿಕ್ಕತ್ತಾರ, ನಮ್ಮಂಥವರೇ ಇದ್ದಾರ" ಎಂದು ಸಂತೋಷಪಟ್ಟಿದ್ದಳು.

ಒಂದು ದಿನ ಸಂಜೆ ಸ್ವಾರಗೇಟ ನಿಲ್ದಾಣದಿಂದ ನಮಗೆ ಧಾರವಾಡಕ್ಕೆ ಬಸ್ಸು. ಮರುದಿನ ಮಾವನವರ ಅರವತ್ತರ ಶಾಂತಿ. ಅದು ತಪ್ಪಿದರೆ ನನ್ನ ಉಳಿದ ಆಯುಷ್ಯಕ್ಕೆ ಶಾಂತಿಯಿಲ್ಲ. ತುಳಸಿಗೆ ನೀರು ಹಾಕಲು ಮನೆಯ ಕೀಲಿ ಕೊಟ್ಟು ಬರೋಣವೆಂದು ಮೇಲೆ ಹೋದೆ. ನವಾಂಗ ಇರಲಿಲ್ಲ. ಅಜ್ಜಿ ನನ್ನನ್ನು ಕೂರಿಸಿ, ಬಟ್ಟಲು ತುಂಬಿ, "ಡೋನ್-ಲೆ" ಎಂದರು. ಕುಡಿಯಿರಿ ಎಂದರ್ಥ, ಆ 'ಲೆ' ನಮ್ಮ 'ರೀ' ಇದ್ದಂತೆ. ಬಾಯಿಗಿಟ್ಟರೆ ಅದು ಚಹಾ ಅಲ್ಲ, ಸಾರಿನ ದೂರದ ಸಂಬಂಧಿ. ಮುಗಿಸಿ ಕೆಳಗಿಟ್ಟೆ. ತುಂಬಿದರು. ಪಾಪ, ಪ್ರೀತಿ ಎಂದು ಅದನ್ನೂ ಮುಗಿಸಿದೆ. ಮತ್ತೆ ತುಂಬಿದರು. ಹಿಂದಿಯಲ್ಲಿ ಸಾಕೆಂದರೆ ನಕ್ಕು ತುಂಬಿದರು, ಮರಾಠಿಯಲ್ಲಿ ಸಾಕೆಂದರೆ ಇನ್ನಷ್ಟು ಬೆಣ್ಣೆ ಹಾಕಿ ತುಂಬಿದರು. ಬೇಗ ಮುಗಿಸಿ ಓಡೋಣವೆಂದು ನಾನು ಚುರುಕಾದೆ, ಅಜ್ಜಿಯೂ ಚುರುಕಾದರು.

ಅಷ್ಟರಲ್ಲಿ ಸುಶೀಲಾ ಮೆಟ್ಟಿಲಲ್ಲಿ ಸಿಕ್ಕ ನವಾಂಗನನ್ನು ಎಳೆದುಕೊಂಡೇ ಬಂದಳು. "ಏನ್ರೀ, ನಿಮ್ಮ ಚಾ ಮುಗಿಯೂತನಕ ಬಸ್ಸು ನಿಂತಿರ್ತದೇನು?" ನವಾಂಗ ಹಿಂದಿಯಲ್ಲಿ ವಿವರಿಸಿದ. ಅತಿಥಿಯ ಬಟ್ಟಲು ಖಾಲಿ ಕಂಡರೆ ಅವರಲ್ಲಿ ಮನೆಯವರಿಗೆ ಅವಮಾನ. ಸಾಕಾದವರು ತುಂಬಿದ ಬಟ್ಟಲನ್ನು ಮುಟ್ಟದೆ ಸುಮ್ಮನಿರಬೇಕು. ಅಜ್ಜಿಗೂ ಕೈ ಸೋತಿತ್ತಂತೆ, ಮನೆಯ ಬೆಣ್ಣೆಯೂ ಮುಗಿದಿತ್ತಂತೆ.

ಬಸ್ಸೇನೋ ಸಿಕ್ಕಿತು. ಆದರೆ ಕಾತ್ರಜ ಘಾಟು ಏರುವಷ್ಟರಲ್ಲೇ ನಾನು ಎದ್ದು ಬಸ್ಸು ನಿಲ್ಲಿಸಿ ಪೊದೆಯ ಹಿಂದೆ ಓಡಿದೆ. ಘಾಟು ಇಳಿಯುವಾಗ ಮತ್ತೆ ನಿಲ್ಲಿಸಿದೆ. ಕೊನೆಗೆ ಕಂಡಕ್ಟರು ನನ್ನನ್ನು ಬಾಗಿಲ ಪಕ್ಕದ ಸೀಟಿಗೇ ವರ್ಗ ಮಾಡಿದ. ಸುಶೀಲಾ ತನ್ನ ಪಕ್ಕದ ಹೆಂಗಸಿಗೆ, ನಾನು ಯಾರೋ ತನಗೆ ಗೊತ್ತಿಲ್ಲವೆಂದಳು.

ಬೆಳಿಗ್ಗೆ ಅತ್ತೆ ಚಹಾ ತಂದಿಟ್ಟರು. ಹೊಟ್ಟೆ ಇನ್ನೂ ಬೆಣ್ಣೆಯಲ್ಲಿ ತೇಲುತ್ತಿತ್ತು. ಕಲಿತ ವಿದ್ಯೆ ಪ್ರಯೋಗಿಸೋಣವೆಂದು ಕಪ್ಪನ್ನು ಮುಟ್ಟದೆ ಮುಗುಳ್ನಗುತ್ತ ಕೂತೆ. ಅತ್ತೆಯ ಮುಖ ಬಾಡಿತು. "ಅಳಿಯಂದ್ರು ಚಾ ಮುಟ್ಟವಲ್ರು. ನಾವು ಕರಿಯೂದ್ರಾಗ ಏನರ ತಪ್ಪಾತೇನು?" ಎಂದು ಒಳಗೆ ಹೇಳಿದ್ದೇ ತಡ, ಹೋಮಕ್ಕೆ ಕೂತಿದ್ದ ಮಾವ ಎದ್ದು ಬಂದು ಕೈ ಮುಗಿದರು. ಭಟ್ಟರು ಮಂತ್ರ ನಿಲ್ಲಿಸಿ ಇಣುಕಿದರು. ಸುಶೀಲಾ ನನ್ನನ್ನು ನೋಡಿದ ರೀತಿಗೆ ನಾನು ಗಟಗಟ ಕುಡಿದು ಕಪ್ಪು ಬೋರಲು ಹಾಕಿ ತೋರಿಸಿದೆ. ಮನೆಯೆಲ್ಲ ನೆಮ್ಮದಿಯ ಉಸಿರು ಬಿಟ್ಟಿತು.

"ಸಿಟ್ಟಿಲ್ಲಂದ್ರ ಇನ್ನೊಂದು ಅರ್ಧ ಕಪ್ಪು ತಗೋರಿ ಮತ್ತ" ಎಂದು ಅತ್ತೆ ತುಂಬಿ ತುಳುಕುವ ಕಪ್ಪನ್ನು ಮುಂದೆ ಹಿಡಿದರು. ನನಗೆ ಸಿಟ್ಟಿರಲಿಲ್ಲವಲ್ಲ, ಕುಡಿದೆ.