ಮರದಿಂದ ಮಾತ್ರ ಇಳಿಸತಕ್ಕದ್ದು

ಅಬಕಾರಿ ಉಪಕಚೇರಿಯ ವಶದಲ್ಲಿದ್ದ ತಾಮ್ರದ ಹಂಡೆಯೊಂದು ಏಳು ತಿಂಗಳ ಕಾಲ ನೌಕರರ ಛತ್ರಿಗಳನ್ನು ಇಡಲು ಬಳಕೆಯಾಯಿತು ಎಂಬುದು ದಾಖಲಾದ ಸಂಗತಿ.

ಹಂಡೆ ಏಣಿಯಣ್ಣನದು. ಅವನ ಅಜ್ಜ, ಅಪ್ಪ ಇಬ್ಬರೂ ತಾಳೆಮರದ ಹೆಂಡವನ್ನು ಅದೇ ಹಂಡೆಯಲ್ಲಿ ಕಾಯಿಸಿ ಸಾರಾಯಿ ಮಾಡಿದವರು. ಜೀವಮಾನದಲ್ಲಿ ಒಂದು ಸಲವೂ ಏಣಿ ಮುಟ್ಟದೆ ಮರ ಹತ್ತಿದವನಾದ್ದರಿಂದ ಊರು ಅವನಿಗೆ ಆ ಹೆಸರಿಟ್ಟಿತ್ತು. ಅವನ ಸಾರಾಯಿಯ ಮುಂದೆ ಅಂಗಡಿಯ ಬಾಟಲಿ ಬರೀ ಕೆಮ್ಮಿನ ಔಷಧಿ. ಇದು ಹೊಗಳಿಕೆಯಲ್ಲ; ಹಂಡೆ ಜಪ್ತಿಯಾದ ದಿನ ಅಬಕಾರಿ ಸಾಹೇಬರೇ ರುಚಿ ನೋಡಿ, ಮತ್ತೊಮ್ಮೆ ನೋಡಿ, ಪಂಚನಾಮೆಯಲ್ಲಿ ಬರೆಸಿದ ಮಾತು.

"ಬೇರೆ ಹಂಡೆ ತಗೊಂಡ್ರೆ ಆಗಲ್ವಾ?" ಎಂದಳು ಹೆಂಡತಿ.

"ಬೇರೆ ಹಂಡೇಲಿ ಮಾಡಿದ್ದನ್ನ ನಾನು ಮಾಡಿದ್ದು ಅಂತ ನಾನೇ ಒಪ್ಪಲ್ಲ."

"ಹಾಗಾದ್ರೆ ಹೋಗಿ ಪರವಾನಗಿ ಮಾಡಿಸ್ಕೊಂಡು ಬನ್ನಿ. ನೀವು ಮೀಸೆ ತಿರುವಿದ್ರೆ ಹಂಡೆ ನಡ್ಕೊಂಡು ಬರಲ್ಲ."

ಕಚೇರಿಯಲ್ಲಿ ಗುಮಾಸ್ತರು ಕನ್ನಡಕ ಒರೆಸಿಕೊಂಡು ಅರ್ಜಿ ತುಂಬತೊಡಗಿದರು.

"ಉದ್ಯೋಗ?"

"ಇಳಿಸೋದು ಸಾರ್."

"ಎಲ್ಲಿಂದ?"

ಮುಂದೆ ನಡೆದದ್ದಕ್ಕೆಲ್ಲ ಈ ಒಂದು ಪದವೇ ಕಾರಣ. ಮರದಿಂದ ಹೆಂಡ ತೆಗೆಯುವುದಕ್ಕೂ ಇಳಿಸುವುದು ಎನ್ನುತ್ತಾರೆ, ಭಟ್ಟಿಯಿಂದ ಸಾರಾಯಿ ತೆಗೆಯುವುದಕ್ಕೂ ಇಳಿಸುವುದು ಎಂದೇ ಎನ್ನುತ್ತಾರೆ. ನಿಯಮಾವಳಿಯಲ್ಲಿ ಇದ್ದದ್ದು ಒಂದೇ ಸಾಲು: ಮರದಿಂದ ಇಳಿಸುವುದಕ್ಕೆ ಪರವಾನಗಿ ಉಂಟು, ನೆಲದ ಮೇಲೆ ಇಳಿಸುವುದು ಅಪರಾಧ.

"ಹಾಗಾದ್ರೆ ಭಟ್ಟೀನೇ ಮರದ ಮೇಲಿದ್ರೆ ಸಾರ್?"

ಗುಮಾಸ್ತರು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. "ಮರದಿಂದ ಇಳಿದ ಹಾಗೇ ಆಯ್ತಲ್ಲ."

"ಒಲೆ?"

"ಒಲೆಯ ವಿಷಯದಲ್ಲಿ ನಿಯಮ ಮೌನವಾಗಿದೆ."

ವಾರದೊಳಗೆ ಸಾಹೇಬರ ಸಹಿಯೊಂದಿಗೆ ಆದೇಶ ಹೊರಬಿತ್ತು. "ಅರ್ಜಿದಾರನು ದಿನಕ್ಕೆ ಎರಡು ಲೀಟರಿಗೆ ಮೀರದಂತೆ ಮರದಿಂದ ಮಾತ್ರ ಇಳಿಸತಕ್ಕದ್ದು. ಮೀರಿದಲ್ಲಿ ಹಂಡೆಯನ್ನು ಕರಗಿಸಿ ಕಚೇರಿಗೆ ಗಂಟೆ ಮಾಡಿಸಲಾಗುವುದು. ಪರಿಶೀಲನೆಯ ವೇಳೆ ಹಂಡೆ ಮರದ ಮೇಲಿರತಕ್ಕದ್ದು. ಪರಿಶೀಲನೆ ಮುಗಿಯುವ ತನಕ ಹಂಡೆ ಕಚೇರಿಯ ವಶ ಬಿಟ್ಟು ಹೋಗತಕ್ಕದ್ದಲ್ಲ."

ಏಣಿಯಣ್ಣ ನಾಲ್ಕು ತಾಳೆಮರಗಳ ನಡುವೆ ಗಟ್ಟಿಯಾದ ಅಟ್ಟ ಕಟ್ಟಿದ, ಅದರ ಮೇಲೆ ಮಣ್ಣು ಮೆತ್ತಿ ಒಲೆ ಹೂಡಿದ. ಪರಿಶೀಲನೆಯ ದಿನ ಜವಾನ ಛತ್ರಿಗಳನ್ನು ಹೊರತೆಗೆದ. ಹಂಡೆ ವಶ ತಪ್ಪಬಾರದೆಂದು ಸಾಹೇಬರು ಅದರೊಳಗೇ ಕೂತರು. ಬಿಸಿಲಿದ್ದುದರಿಂದ ಒಂದು ಛತ್ರಿ ಇಟ್ಟುಕೊಂಡರು. ಹತ್ತು ಜನ ಹಗ್ಗ ಎಳೆದರು. ವಶ ಎಲ್ಲೂ ತಪ್ಪಲಿಲ್ಲ.

ಮೇಲೆ ಸಾಹೇಬರು ಹಂಡೆಯಿಂದ ಅಟ್ಟಕ್ಕೆ ದಾಟಿದರು; ಒಲೆ ಉರಿಯಿತು, ಹನಿ ಬಿತ್ತು. ಸಾಹೇಬರು ಮಾದರಿ ಪಡೆದರು. ಒಂದು ಮಾದರಿಯಿಂದ ತೀರ್ಮಾನಕ್ಕೆ ಬರುವುದು ಆತುರವಾಗುತ್ತದೆಂದು ಇನ್ನೂ ಐದು ಪಡೆದರು. ಸಂಜೆಯ ಹೊತ್ತಿಗೆ ಕೆಳಗೆ ನೋಡಿದರೆ ಜವಾನ ಇಬ್ಬರಿದ್ದ.

"ಏಣಿ, ನನ್ನ ಇಳಿಸಪ್ಪಾ."

ಏಣಿಯಣ್ಣ ಹಗ್ಗ ಹಿಡಿದವನು ಹಾಗೇ ನಿಂತ. "ಸಾರ್, ನೀವು ಎಷ್ಟು ಲೀಟರ್ ಇದ್ದೀರಿ?"

"ಏನು?"

"ದಿನಕ್ಕೆ ಎರಡೇ ಲೀಟರ್ ಇಳಿಸ್ಬೇಕು ಅಂತ ಬರೆದಿದ್ದೀರಿ. ಹೆಚ್ಚಾದ್ರೆ ನಮ್ಮಪ್ಪನ ಹಂಡೆ ನಿಮ್ಮ ಗಂಟೆ ಆಗುತ್ತೆ."

"ನಾನೇನು ದ್ರವವೇನಯ್ಯಾ? ಗುಮಾಸ್ತರೇ, ಹೇಳ್ರೀ ಇವನಿಗೆ!"

ಕೆಳಗಿನಿಂದ ಗುಮಾಸ್ತರು ಆದೇಶವನ್ನು ಸಂಜೆಯ ಬೆಳಕಿಗೆ ಹಿಡಿದು ಓದಿದರು. "ದ್ರವ ಅಂತ ಎಲ್ಲೂ ಬರೆದಿಲ್ಲ ಸಾರ್. 'ಇಳಿಸತಕ್ಕದ್ದು' ಅಂತಷ್ಟೇ ಇದೆ. ಸಹಿ ತಮ್ಮದೇ."

"ನೀವಾಗಿ ಇಳೀರಿ ಸಾರ್," ಎಂದ ಏಣಿಯಣ್ಣ ವಿನಯದಿಂದ. "ಇಳಿಯೋದಕ್ಕೆ ಅಡ್ಡಿಯಿಲ್ಲ. ಇಳಿಸೋದಕ್ಕೆ ಮಾತ್ರ."

ಸಾಹೇಬರು ಮತ್ತೊಮ್ಮೆ ಕೆಳಗೆ ನೋಡಿದರು. ಜವಾನ ಈಗ ಮೂವರಾಗಿದ್ದ. ಏರಿದ್ದು ಇಳಿಯುವ ತನಕ ತಾವು ಇಳಿಯುವುದು ಬೇಡವೆಂದರು. ಮರುದಿನ ಏರಿದ್ದು ಇಳಿಯುವ ಹೊತ್ತಿಗೆ ಸರಿಯಾಗಿ ಹೊಸ ಹನಿ ಶುರುವಾಯಿತು.

ಗುಮಾಸ್ತರು ಮೇಲಿನ ಕಚೇರಿಗೆ ಪತ್ರ ಬರೆದರು. ಹನ್ನೊಂದನೆಯ ದಿನ ಉತ್ತರ ಬಂತು: "ಅಧಿಕಾರಿ ಇರುವ ಸ್ಥಳವೇ ಕಚೇರಿ." ಅಂದೇ ಮೇಜು, ಮೊಹರು, ಕಡತಗಳು ಹಗ್ಗದಲ್ಲಿ ಏರಿದವು. ಗುಮಾಸ್ತರು ಕಣ್ಣು ಮುಚ್ಚಿಕೊಂಡು ಏರಿದರು, ಮೇಲೆ ಹೋದ ಮೇಲೆ ತೆರೆದರು, ಒಂದು ಮಾದರಿ ಪಡೆದು ಮತ್ತೆ ಮುಚ್ಚಿದರು. ಗಂಟಲಲ್ಲಿ ಇಳಿಸಿದ್ದನ್ನು ಮರದಿಂದ ಇಳಿಸಿದ್ದೆಂದು ಪರಿಗಣಿಸತಕ್ಕದ್ದಲ್ಲವೆಂಬ ಸುತ್ತೋಲೆ ಹೊರಡಿಸಿದ್ದು ಅವರೇ. ಇದರಿಂದ ಊರಿನವರು ಎರಡು ಲೀಟರಿಗಾಗಿ ಕೆಳಗೆ ಕಾದು ಜಗಳವಾಡುವುದು ತಪ್ಪಿತು. ಎಲ್ಲರೂ ಅರ್ಜಿ ಹಿಡಿದು ಮೇಲೇ ಹೋಗತೊಡಗಿದರು. ತಾವಾಗಿ ಇಳಿಯಲಾರದವರನ್ನು ಹಂಗಾಮಿ ನೌಕರರೆಂದು ದಾಖಲಿಸಿಕೊಳ್ಳಲಾಯಿತು. ಬುಡದಲ್ಲಿ ಫಲಕ ನಿಂತಿತು: "ಕಚೇರಿ ವೇಳೆಯಲ್ಲಿ ಮರ ಅಲುಗಿಸಬಾರದು."

ಒಂದು ಬೆಳಿಗ್ಗೆ ಹೆಂಡತಿ ಬುಡದಲ್ಲಿ ನಿಂತು ಕೂಗಿದಳು. "ಏನ್ರೀ, ಹಂಡೆ ಬಿಡಿಸ್ಕೊಂಡು ಬರ್ತೀನಿ ಅಂತ ಹೋದೋರು! ಸಿಕ್ತೋ ಇಲ್ವೋ?"

"ಎಲ್ಲಿ ಸಿಗುತ್ತೆ ಕಣೇ," ಎಂದ ಏಣಿಯಣ್ಣ, ಹಂಡೆಯ ಕೆಳಗೆ ಇನ್ನೊಂದು ಸೌದೆ ತುರುಕುತ್ತ. "ಇನ್ನೂ ಜಪ್ತೀಲೇ ಇದೆ."

ಪಕ್ಕದ ಮೇಜಿನಿಂದ ಸಾಹೇಬರು ಹೌದೆಂದು ತಲೆಯಾಡಿಸಿ, ಲೋಟ ಮುಂದೆ ಹಿಡಿದರು.